ಎಂಡೋಮೆಟ್ರಿಯೋಸಿಸ್, ಆಫೀಸು ಮತ್ತು ಒಂದು ಪುಟದ ಒಪ್ಪಂದ

ಮಂಗಳೂರಿನ ಬಿಜೈ ಕಡೆಯ ಒಂದು ಕಂಪನಿಯಲ್ಲಿ ನಾನು ಅಕೌಂಟ್ಸ್ ಕೆಲಸ ಮಾಡುತ್ತೇನೆ. ಬಿಲ್ಲುಗಳನ್ನು ತಾಳೆ ನೋಡುವುದು, ಪೇಮೆಂಟ್ ಬಿಡುವುದು, ತಿಂಗಳ ಕೊನೆಗೆ ಲೆಕ್ಕ ಮುಗಿಸುವುದು, ಇದು ನಮ್ಮ ಟೀಮಿನ ಕೆಲಸ. ನನಗೆ ಎಂಡೋಮೆಟ್ರಿಯೋಸಿಸ್ ಉಂಟು. ಈ ಕಾಯಿಲೆ ಇಟ್ಟುಕೊಂಡೇ ಕೆಲಸದಲ್ಲಿ ಉಳಿಯಲು ಆಫೀಸಿನ ಜೊತೆ ಒಂದು ಪುಟದ ಲಿಖಿತ ಒಪ್ಪಂದ ಮಾಡಿಕೊಂಡಿದ್ದೇನೆ. ಅದು ಹೇಗಾಯಿತು, ಯಾರ ಹತ್ತಿರ ಮೊದಲು ಮಾತಾಡಬೇಕು, ಡಾಕ್ಟರ ಪತ್ರದಲ್ಲಿ ಏನಿರಬೇಕು ಎಂದು ಬೇರೆ ಬೇರೆ ಕಡೆ ಕೆಲಸ ಮಾಡುವ ಗೆಳತಿಯರು ಕೇಳುತ್ತಾರೆ. ಫೋನಿನಲ್ಲಿ ಅರ್ಧಂಬರ್ಧ ಹೇಳುವುದಕ್ಕಿಂತ ಕೂತು ಬರೆಯೋಣ ಅನ್ನಿಸಿತು.

ಮೊದಲು ಕಾಯಿಲೆಯ ಬಗ್ಗೆ. ಗರ್ಭಕೋಶದ ಒಳಪದರವನ್ನು ಹೋಲುವ ಅಂಗಾಂಶ ಗರ್ಭಕೋಶದ ಹೊರಗೆ ಬೆಳೆಯುತ್ತದೆ. ಅಂಡಾಶಯದ ಮೇಲೆ, ಕರುಳಿನ ಹತ್ತಿರ, ಮೂತ್ರಚೀಲದ ಸುತ್ತ, ಎಲ್ಲಿ ಬೇಕಾದರೂ. ಅಲ್ಲಿ ಉರಿಯೂತ ಆಗುತ್ತದೆ, ಗಾಯದ ಕಲೆಯಂಥದ್ದು ಕಟ್ಟುತ್ತದೆ, ಒಳಗಿನ ಅಂಗಗಳು ಒದ್ದೆ ಬಟ್ಟೆಗಳ ಹಾಗೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಹೆರುವ ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 10 ಮಂದಿಗೆ, ಅಂದರೆ ಲೋಕದಲ್ಲಿ ಸುಮಾರು 19 ಕೋಟಿ ಜನರಿಗೆ ಇದು ಇದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಲಕ್ಷಣ ಶುರುವಾಗಿ ಕಾಯಿಲೆಗೆ ಹೆಸರು ಸಿಗುವ ಹೊತ್ತಿಗೆ 4ರಿಂದ 12 ವರ್ಷ ಕಳೆದಿರುತ್ತದೆ ಎಂದೂ ಅದೇ ಸಂಸ್ಥೆ ಹೇಳುತ್ತದೆ.

ನನಗೂ ಹಾಗೇ ಆಯಿತು. ಕಾಲೇಜಿನ ದಿನಗಳಿಂದ ನೋವಿತ್ತು. ಅಮ್ಮ ಮೆಂತೆ ಗಂಜಿ ಮಾಡಿಕೊಡುತ್ತಿದ್ದರು, ಓಮದ ಕಷಾಯ ಕುಡಿಸುತ್ತಿದ್ದರು. "ಮದುವೆ ಆದ್ರೆ ಎಲ್ಲ ಸರಿಹೋಗ್ತದೆ" ಎಂದು ದೊಡ್ಡಮ್ಮ ಹೇಳಿದರು. ಮದುವೆಯಾಯಿತು. ಆಮೇಲೆ "ಒಂದು ಮಗು ಆಗಲಿ, ನೋಡು" ಅಂದರು. ಪ್ರೀತಿಯಿಂದಲೇ ಹೇಳಿದ್ದು, ಅದರಲ್ಲಿ ಅನುಮಾನವಿಲ್ಲ. ಆದರೆ ಮದುವೆಯೂ ಬಸಿರೂ ಈ ಕಾಯಿಲೆಗೆ ಮದ್ದಲ್ಲ. ಡಾಕ್ಟರುಗಳೂ ನೋವಿನ ಮಾತ್ರೆ ಬರೆದುಕೊಟ್ಟು ಕಳಿಸಿದರು. ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿದಾಗ ಎಲ್ಲ ಸರಿಯಾಗಿದೆ ಎಂದೇ ಬಂತು. ಸಾಮಾನ್ಯ ಸ್ಕ್ಯಾನಿನಲ್ಲಿ ಏನೂ ಕಾಣದಿದ್ದರೂ ಈ ಕಾಯಿಲೆ ಇರಬಹುದು ಅನ್ನುವುದನ್ನು ನನಗೆ ಆಗ ಯಾರೂ ಹೇಳಲಿಲ್ಲ.

2022ರಲ್ಲಿ ಮಂಗಳೂರಿನ ಒಬ್ಬರು ಹಿರಿಯ ಡಾಕ್ಟರಮ್ಮ ಮೊದಲ ಸಲ ಬೇರೆ ಥರದ ಪ್ರಶ್ನೆ ಕೇಳಿದರು. ಸಂಡಾಸಿಗೆ ಹೋಗುವಾಗ ನೋವಾಗ್ತದಾ? ಜಾಸ್ತಿ ಹೊತ್ತು ಕೂತರೆ ಸೊಂಟದ ಕೆಳಗೆ, ತೊಡೆಯ ಒಳಗೆ ಸೆಳೆತ ಬರ್ತದಾ? ಡೇಟ್ ಮುಗಿದ ಮೇಲೂ ನೋವುಂಟಾ? ಗಂಡನ ಜೊತೆ ಇರುವಾಗ? ಒಂದೊಂದಕ್ಕೂ ಹೌದು ಹೌದು ಎನ್ನುತ್ತ ಹೋದೆ. ಎಂಆರ್‌ಐ ಮಾಡಿಸಿದಾಗ ಎಡ ಅಂಡಾಶಯದಲ್ಲಿ ಹಳೆಯ ರಕ್ತ ತುಂಬಿದ ಗಂಟು, ಅವರು ಚಾಕೊಲೇಟ್ ಸಿಸ್ಟ್ ಎನ್ನುವಂಥದ್ದು, ಕಾಣಿಸಿತು. ಅದೇ ವರ್ಷ ಲ್ಯಾಪರೋಸ್ಕೋಪಿ, ಅಂದರೆ ಸಣ್ಣ ತೂತು ಮಾಡಿ ನಡೆಸುವ ಆಪರೇಷನ್, ಆಯಿತು. ಆಮೇಲೆ ದಿನಾ ಒಂದು 2 ಮಿಲಿಗ್ರಾಂ ಡೈನೋಜೆಸ್ಟ್ ಎಂಬ ಹಾರ್ಮೋನ್ ಮಾತ್ರೆ.

ದುಡ್ಡಿನ ವಿಷಯ ಒಂದು ಮಾತಿನಲ್ಲಿ ಹೇಳಿಬಿಡುತ್ತೇನೆ. ಮನೆಯವರು ಮಾಡಿಸಿದ್ದ ವಿಮೆಯಲ್ಲಿ ಗರ್ಭಕೋಶದ ತೊಂದರೆಗಳಿಗೆ ಮೊದಲ 24 ತಿಂಗಳು ಹಣ ಸಿಗದು ಎಂಬ ಷರತ್ತಿತ್ತು. ಆಫೀಸಿನ ಗುಂಪು ವಿಮೆಯಲ್ಲಿ ಅಂಥ ಷರತ್ತು ಇರಲಿಲ್ಲ, ಅದರಿಂದಲೇ ಆಪರೇಷನ್ನಿನ ಬಿಲ್ಲು ಕಟ್ಟಿದ್ದು. ನೀವು ಕೆಲಸದಲ್ಲಿದ್ದರೆ ಆಪರೇಷನ್ ದಿನ ಗೊತ್ತುಮಾಡುವ ಮೊದಲು ಎರಡೂ ಪಾಲಿಸಿಯ ಕಾಗದ ಓದಿ. ಕೆಲಸ ಬಿಟ್ಟು ಆಮೇಲೆ ಚಿಕಿತ್ಸೆ ಮಾಡಿಸೋಣ ಎಂದುಕೊಳ್ಳುವವರು ಇದನ್ನು ಇನ್ನಷ್ಟು ಗಮನಿಸಬೇಕು. ಕೆಲಸ ಹೋದರೆ ಆ ವಿಮೆಯೂ ಸಾಮಾನ್ಯವಾಗಿ ಹೋಗುತ್ತದೆ.

ಆಪರೇಷನ್ ಆದರೆ ಗುಣ ಆಯಿತು ಎಂದೇ ಎಲ್ಲರೂ ತಿಳಿದರು. ಇದು ಪೂರ್ತಿ ಗುಣವಾಗುವ ಕಾಯಿಲೆ ಅಲ್ಲ. ನೋವು ಕಡಿಮೆಯಾಯಿತು, ಅದು ನಿಜ. ಆದರೆ ಅಂಟಿಕೊಂಡಿದ್ದ ಜಾಗಗಳು ಎಳೆಯುತ್ತಿದ್ದವು. ಒಂದೇ ಸಮನೆ ಕೂತರೆ ಸೊಂಟದಿಂದ ಕಾಲಿಗೆ ಸೆಳೆತ. ಕೆಲವು ದಿನ ಎದ್ದಾಗಲೇ ಮೈಯಲ್ಲಿ ಜೀವವಿಲ್ಲದ ಹಾಗೆ ಸುಸ್ತು. ಎಂಟು ಗಂಟೆ ನಿದ್ದೆ ಮಾಡಿದರೂ ಹೋಗದ ಸುಸ್ತು ಅದು. ನಾನಿರುವುದು ಸುರತ್ಕಲ್ಲಿನಲ್ಲಿ. ಬೆಳಗ್ಗಿನ ಸಿಟಿ ಬಸ್ಸಿನಲ್ಲಿ ಸೀಟು ಸಿಗುವುದು ಅಪರೂಪ. ಕೂಳೂರು ಸೇತುವೆಯ ಹತ್ತಿರ ಬಸ್ಸು ನಿಂತು ನಿಂತು ಹೋಗುವಾಗ, ಒಂದೊಂದು ಬ್ರೇಕಿಗೂ ಕಿಬ್ಬೊಟ್ಟೆಯಲ್ಲಿ ಚುಚ್ಚುತ್ತಿತ್ತು. ಮಳೆಗಾಲದಲ್ಲಿ ಇನ್ನೂ ಕಷ್ಟ. ಕಿಟಕಿಯ ಟರ್ಪಾಲು ಇಳಿಸಿರುತ್ತಾರೆ, ಒಳಗೆ ಉಸಿರು ಕಟ್ಟುತ್ತದೆ. ಆಫೀಸು ತಲುಪುವಷ್ಟರಲ್ಲಿ ಆ ದಿನದ ಶಕ್ತಿಯಲ್ಲಿ ಅರ್ಧ ಮುಗಿದಿರುತ್ತಿತ್ತು.

ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಕಾಯ್ದೆಯಲ್ಲಿ ವರ್ಷಕ್ಕೆ 12 ದಿನ ಕಾಯಿಲೆ ರಜೆ ಇದೆ. ಜ್ವರ, ಶೀತಕ್ಕೆ ಅದು ಸಾಕು. ವರ್ಷವಿಡೀ ಜೊತೆಗಿರುವ ಕಾಯಿಲೆಗೆ ಎಲ್ಲಿಯ ಲೆಕ್ಕ? ಮೇ ತಿಂಗಳ ಹೊತ್ತಿಗೆ ಖಾಲಿ. ಆದರೆ ನನ್ನನ್ನು ಜಾಸ್ತಿ ಬಳಲಿಸಿದ್ದು ರಜೆ ಮುಗಿದದ್ದಲ್ಲ. ಬೆಳಗ್ಗೆ ಏಳಕ್ಕೆ ಎದ್ದು, ನೋವಿನಲ್ಲಿ, ಟೀಮ್ ಲೀಡರಿಗೆ ಮೆಸೇಜು ಬರೆಯುವುದು. ಎಷ್ಟು ಹೇಳಬೇಕು? ಹೊಟ್ಟೆನೋವು ಎಂದರೆ ಮೊನ್ನೆಯೂ ಹೊಟ್ಟೆನೋವೇ ಅಂದಿದ್ದೆನಲ್ಲ. ಎಲ್ಲವನ್ನೂ ಬಿಡಿಸಿ ಹೇಳಿದರೆ ಆ ಮನುಷ್ಯನಿಗೂ ಮುಜುಗರ, ನನಗೂ ಮುಜುಗರ. ಬರೆದು, ಅಳಿಸಿ, ಮತ್ತೆ ಬರೆದು ಕಳಿಸುವುದು. ಮಾರನೆಯ ದಿನ ನೆಟ್ಟಗೆ ನಡೆದುಕೊಂಡು ಹೋದರೆ "ನಿನ್ನೆ ಎಂತ ಆಗಿತ್ತು?" ಎಂಬ ಪ್ರಶ್ನೆ. ಕೇಳಿದವರು ಕೆಟ್ಟವರಲ್ಲ. ಆದರೆ ಪ್ರತಿ ಸಲವೂ ನೋವನ್ನು ಹೊಸದಾಗಿ ಸಾಬೀತು ಮಾಡುತ್ತಾ ಬದುಕುವುದು ಯಾರಿಂದಲೂ ಆಗದ ಕೆಲಸ. ನನಗೆ ಬೇಕಾಗಿದ್ದದ್ದು ಕನಿಕರವೂ ಅಲ್ಲ, ಜಾಸ್ತಿ ರಜೆಯೂ ಅಲ್ಲ. ಇಂಥ ದಿನ ಬಂದರೆ ಏನು ಮಾಡುವುದು ಎಂದು ಮೊದಲೇ ಮಾತಾಡಿ ಬರೆದಿಟ್ಟ ಒಂದು ಕಾಗದ.

ಕೇಳುವ ಮೊದಲು ಒಂದು ಪುಸ್ತಕ ಇಟ್ಟು ದಿನಾ ಎರಡು ಸಾಲು ಬರೆಯತೊಡಗಿದೆ. ನೋವು ಹತ್ತಕ್ಕೆ ಎಷ್ಟು, ಎಷ್ಟು ಹೊತ್ತು ಕೂರಲು ಆಯಿತು, ಯಾವ ಕೆಲಸ ಮಾಡಲು ಆಯಿತು, ಯಾವುದು ಆಗಲಿಲ್ಲ. ಕೆಲವು ತಿಂಗಳಲ್ಲಿ ಒಂದು ಚಿತ್ರ ಸಿಕ್ಕಿತು. ಕೆಟ್ಟ ದಿನಗಳಲ್ಲೂ ನಾನು ಕೆಲಸವೇ ಮಾಡದೆ ಮಲಗಿದ್ದದ್ದು ಕಡಿಮೆ. ಮನೆಯಲ್ಲಿ, ಬೆನ್ನಿಗೆ ದಿಂಬು, ಹೊಟ್ಟೆಯ ಮೇಲೆ ಬಿಸಿನೀರಿನ ಚೀಲ ಇಟ್ಟುಕೊಂಡರೆ ಬ್ಯಾಂಕ್ ರೀಕನ್ಸಿಲಿಯೇಶನ್, ಅಂದರೆ ಬ್ಯಾಂಕಿನ ಲೆಕ್ಕಕ್ಕೂ ನಮ್ಮ ಲೆಕ್ಕಕ್ಕೂ ತಾಳೆ ನೋಡುವುದನ್ನು, ಆರಾಮಾಗಿ ಮಾಡಬಲ್ಲೆ. ಆಗದಿದ್ದದ್ದು ಪ್ರಯಾಣ, ಒಂದೇ ಭಂಗಿಯಲ್ಲಿ ಕೂರುವುದು, ಮತ್ತು ಗಂಟೆ ನೋಡಿ ಮುಗಿಸಬೇಕಾದ ಕೆಲಸ. ಸಂಜೆ ನಾಲ್ಕರೊಳಗೆ ಪೇಮೆಂಟ್ ಬಿಡಬೇಕು ಎಂದರೆ ಬಿಡಲೇಬೇಕು. ಆ ಹೊತ್ತಿಗೆ ನೋವು ಏರಿದರೆ ತಪ್ಪು ಖಾತೆಗೆ ಹಣ ಹೋದೀತು ಎಂಬ ಭಯ. ಈ ವಿಂಗಡಣೆ ನನ್ನ ತಲೆಯಲ್ಲಿ ಸ್ಪಷ್ಟವಾದ ಮೇಲೆ ಮಾತಾಡುವುದು ಸುಲಭವಾಯಿತು.

ಮುಂದಿನದು ಡಾಕ್ಟರ ಪತ್ರ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಎಲ್ಲರೂ ಸಿಕ್ಕಿಬೀಳುವುದು ಇಲ್ಲೇ.

ಮೊದಲು ಸಿಕ್ಕ ಪತ್ರದಲ್ಲಿ ಎರಡೇ ಸಾಲು. ಕಾಯಿಲೆಯ ಹೆಸರು, ಆಮೇಲೆ "ವಿಶ್ರಾಂತಿ ಅಗತ್ಯ". ಎಚ್‌ಆರ್ ಮೇಡಂ ಅದನ್ನು ನೋಡಿ ಕೇಳಿದ್ದು ಸಹಜವೇ. "ಎಷ್ಟು ದಿನ ವಿಶ್ರಾಂತಿ? ಕೆಲಸಕ್ಕೆ ಫಿಟ್ ಹೌದೋ ಅಲ್ಲವೋ?" ಅಂಥ ಪತ್ರ ಓದಿದವರ ಮುಂದೆ ಎರಡೇ ದಾರಿ. ಒಂದೋ ರಜೆ, ಇಲ್ಲವೇ ಕೆಲಸ. ನಡುವೆ ಒಂದು ದಾರಿ ಇದೆ ಎಂದು ಅದು ತೋರಿಸುವುದಿಲ್ಲ. ಇನ್ನೂ ಒಂದು ಅಪಾಯ ಉಂಟು. ಈ ಹುಡುಗಿ ಕೆಲಸಕ್ಕೆ ಲಾಯಕ್ಕಲ್ಲ ಎಂದು ಯಾರಾದರೂ ಅರ್ಥ ಮಾಡಿಕೊಂಡರೆ ಮುಂದಿನ ಬಡ್ತಿಗೇ ಕುತ್ತು.

ನನ್ನ ಪುಸ್ತಕ ಹಿಡಿದುಕೊಂಡು ಡಾಕ್ಟರಮ್ಮನ ಹತ್ತಿರ ಮತ್ತೆ ಹೋದೆ. ನಮ್ಮ ಕೆಲಸ ಎಂಥದ್ದು ಎಂದು ವಿವರಿಸಿದೆ. ಓಪಿಡಿಯ ಹೊರಗೆ ಅಷ್ಟು ಜನ ಕಾಯುತ್ತಿದ್ದರೂ ಅವರು ಪುಟ ತಿರುಗಿಸಿ ನೋಡಿದರು. "ನನಗೆ ಯಾರೂ ಹೀಗೆ ಬರ್ಕೊಂಡು ಬರುವುದಿಲ್ಲ ಮಾರಾಯ್ತಿ. ಕಾಯಿಲೆ ನಾನು ಬರೀತೇನೆ, ಕೆಲಸದ ವಿಷಯ ನೀನೇ ಹೇಳಬೇಕಲ್ವಾ" ಅಂದರು. ಎರಡನೆಯ ಪತ್ರ ಹೀಗಿತ್ತು. ಮೊದಲ ಸಾಲಿನಲ್ಲೇ, ಇವರು ತಮ್ಮ ಹುದ್ದೆಯ ಕೆಲಸ ಮಾಡಲು ಸಮರ್ಥರು. ದೀರ್ಘಕಾಲದ ಕಾಯಿಲೆ ಇದೆ, ಚಿಕಿತ್ಸೆಯಲ್ಲಿದ್ದಾರೆ. 45 ನಿಮಿಷ ಕೂತ ಮೇಲೆ ಎದ್ದು ಓಡಾಡಲು ಬಿಡಬೇಕು. ಶೌಚಾಲಯಕ್ಕೆ ಹೋಗಲು ಅಪ್ಪಣೆ ಕೇಳಬೇಕಾದ ಸ್ಥಿತಿ ಇರಬಾರದು. ನೋವು ಏರಿದ ದಿನ ಪ್ರಯಾಣ ಸಲ್ಲದು, ಮನೆಯಿಂದ ಕೆಲಸ ಮಾಡಬಹುದು. ನೋವು ಏರುವ ದಿನಗಳನ್ನು ಮೊದಲೇ ಹೇಳಲು ಸಾಧ್ಯವಿಲ್ಲ. ಆರು ತಿಂಗಳಿಗೊಮ್ಮೆ ಈ ಸಲಹೆಯನ್ನು ಮತ್ತೆ ನೋಡಬೇಕು. ಕಾಯಿಲೆಯ ಹೆಸರು ಬರೆಯಬೇಕೋ ಬೇಡವೋ ಎಂದು ನನ್ನನ್ನೇ ಕೇಳಿದರು. ನಾನು ಬರೆಯಿರಿ ಅಂದೆ. ಬೇಡ ಎನ್ನುವವರೂ ಇರಬಹುದು. ಏನು ಆಗುತ್ತದೆ, ಏನು ಆಗುವುದಿಲ್ಲ ಎನ್ನುವುದು ಸರಿಯಾಗಿ ಬರೆದಿದ್ದರೆ ಹೆಸರು ಇಲ್ಲದೆಯೂ ಕೆಲಸ ನಡೆಯುತ್ತದೆ.

ಮೀಟಿಂಗಿನಲ್ಲಿ ಮೂವರು ಇದ್ದೆವು. ಎಚ್‌ಆರ್ ಮೇಡಂ, ನಮ್ಮ ಟೀಮ್ ಲೀಡರು, ನಾನು. ಟೀಮ್ ಲೀಡರು ಪುತ್ತೂರಿನವರು, ಮಿತಭಾಷಿ. ಅವರ ಚಿಂತೆ ನ್ಯಾಯವಾದದ್ದೇ. "ತಿಂಗಳ ಕೊನೆಗೆ ನಿಮಗೆ ನೋವು ಬಂದ್ರೆ ಲೆಕ್ಕ ಯಾರು ಮುಗಿಸುವುದು?" ನಾನು ಕೆಲಸದ ಪಟ್ಟಿಯನ್ನು ಎರಡು ಭಾಗ ಮಾಡಿಕೊಂಡು ಹೋಗಿದ್ದೆ. ಗಂಟೆಗೆ ಕಟ್ಟಿದ ಕೆಲಸ ಒಂದು ಕಡೆ, ದಿನದೊಳಗೆ ಯಾವಾಗ ಮುಗಿಸಿದರೂ ಆಗುವ ಕೆಲಸ ಇನ್ನೊಂದು ಕಡೆ. ಪಕ್ಕದ ಸೀಟಿನ ಸಹೋದ್ಯೋಗಿಯನ್ನು ಮೊದಲೇ ಕೇಳಿ ಒಪ್ಪಿಸಿದ್ದೆ. ನನ್ನ ಕೆಟ್ಟ ದಿನ ಪೇಮೆಂಟ್ ಅವನು ನೋಡುವುದು, ಬದಲಿಗೆ ಅವನ ಪಾಲಿನ ಶನಿವಾರದ ರೀಕನ್ಸಿಲಿಯೇಶನ್ ನಾನು ಮಾಡುವುದು. ಅವನಿಗೆ ಶನಿವಾರ ಮಗನನ್ನು ಯಕ್ಷಗಾನದ ಕ್ಲಾಸಿಗೆ ಬಿಡಲಿಕ್ಕಿತ್ತು, ಹಾಗಾಗಿ ಅವನಿಗೂ ಒಳ್ಳೆಯದೇ ಆಯಿತು. ಯಾರೋ ಒಬ್ಬರು ಸುಮ್ನೆ ಹೊರೆ ಹೊರಬೇಕಾಗಿಲ್ಲ ಎಂದು ಗೊತ್ತಾದ ಮೇಲೆ ಟೀಮ್ ಲೀಡರ ಮುಖ ಸಡಿಲವಾಯಿತು.

ಎಚ್‌ಆರ್ ಮೇಡಂ ಕೇಳಿದ ಪ್ರಶ್ನೆ ಬೇರೆ. "ನಿಮಗೆ ಕೊಟ್ಟರೆ ನಾಳೆ ಬೇರೆಯವರೂ ಕೇಳ್ತಾರೆ."

"ಕೇಳಲಿ ಮೇಡಂ. ಕೇಳುವವರಿಗೆ ತೊಂದರೆ ಇದ್ದರೇ ಅಲ್ವಾ ಕೇಳುವುದು" ಅಂದೆ.

ಅವರು ಒಪ್ಪಲೂ ಇಲ್ಲ, ಬೇಡ ಅನ್ನಲೂ ಇಲ್ಲ. ಮೂರು ತಿಂಗಳು ನೋಡೋಣ ಅಂದರು. ಅವರು ಹಾಗೆ ಹೇಳಿದ್ದೇ ಒಳ್ಳೆಯದಾಯಿತು. ಯಾವ ಆಫೀಸಿಗಾದರೂ "ಶಾಶ್ವತವಾಗಿ ಕೊಡಿ" ಎನ್ನುವುದಕ್ಕಿಂತ "ನೋಡಿ, ಆಗದಿದ್ದರೆ ಬದಲಿಸೋಣ" ಎನ್ನುವುದು ಸುಲಭ.

ಕಾಗದ ಒಂದೇ ಪುಟ. ಅದರಲ್ಲಿ ನನಗೆ ತುಂಬಾ ಉಪಕಾರವಾದದ್ದು ಮೆಸೇಜಿನ ಬಗೆಗಿನ ಸಾಲು. ನೋವು ಏರಿದ ದಿನ "ಇವತ್ತು ಮನೆಯಿಂದ" ಎಂದು ಎಂಟು ಗಂಟೆಯೊಳಗೆ ತಿಳಿಸಬೇಕು. ಕಾರಣ ಬರೆಯಬೇಕಾಗಿಲ್ಲ, ಯಾರೂ ಕೇಳಬಾರದು. ಎರಡೇ ಪದ. ಆ ಎರಡು ಪದ ಕಳಿಸಿ ಫೋನು ಕೆಳಗಿಟ್ಟ ಮೊದಲ ಬೆಳಗ್ಗೆ ಎದೆ ಎಷ್ಟು ಹಗುರಾಯಿತು ಎಂದು ಹೇಳಲಾರೆ. ಉಳಿದದ್ದು ಸಣ್ಣ ಸಣ್ಣ ವಿಷಯ. ನನ್ನ ಸೀಟು ಶೌಚಾಲಯಕ್ಕೆ ಹತ್ತಿರದ ಸಾಲಿಗೆ ಬಂತು. ಎಸಿ ನೇರ ಮೈಮೇಲೆ ಬೀಳುವ ಜಾಗ ತಪ್ಪಿತು. ಉದ್ದದ ಮೀಟಿಂಗಿನಲ್ಲಿ ನಾನು ಎದ್ದು ನಿಂತರೆ ಯಾರೂ ತಲೆ ಎತ್ತಿ ನೋಡುವುದಿಲ್ಲ. ಪ್ಯಾಂಟ್ರಿಯಲ್ಲಿ ಬಿಸಿನೀರಿನ ಚೀಲಕ್ಕೆ ನೀರು ಕಾಯಿಸಿಕೊಳ್ಳಲು ಒಂದು ಕೆಟಲ್ ಇಟ್ಟರು. ಮನೆಯಿಂದ ಕೆಲಸ ಮಾಡಿದ ದಿನಗಳನ್ನು ವರ್ಷದ ಮೌಲ್ಯಮಾಪನದಲ್ಲಿ ಗೈರು ಎಂದು ಎಣಿಸಬಾರದು ಎಂಬ ಸಾಲನ್ನು ಸೇರಿಸಲು ನಾನು ಹಟ ಹಿಡಿದೆ. ಅದಿಲ್ಲದಿದ್ದರೆ ಉಳಿದದ್ದೆಲ್ಲ ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡ ಹಾಗೆಯೇ.

ಮೂರು ತಿಂಗಳ ಬಳಿಕ ನೋಡಿದರೆ ನನ್ನ ಕಾಯಿಲೆ ರಜೆ ಖರ್ಚಾಗುವುದು ಕಡಿಮೆಯಾಗಿತ್ತು. ಮೊದಲು ಇಡೀ ದಿನ ರಜೆ ಹಾಕುತ್ತಿದ್ದ ಕಡೆ ಈಗ ಮನೆಯಿಂದ ಕೆಲಸ ನಡೆಯುತ್ತಿತ್ತು. ಎಚ್‌ಆರ್ ಮೇಡಂ ಆ ಲೆಕ್ಕವನ್ನು ಅವರಾಗಿಯೇ ತೆಗೆದು ಮೇಲಿನವರಿಗೆ ಕಳಿಸಿದರು. ಒಪ್ಪಂದ ಮುಂದುವರಿಯಿತು.

ಎಲ್ಲರಿಗೂ ಇದು ಹಿಡಿಸಲಿಲ್ಲ. "ನಾವೂ ಇದನ್ನೆಲ್ಲ ಅನುಭವಿಸಿಯೇ ಬಂದದ್ದು, ಒಂದು ದಿನ ಹೇಳಿಕೊಳ್ಳಲಿಲ್ಲ" ಎಂದು ಹಿರಿಯ ಮೇಡಂ ಒಬ್ಬರು ನನ್ನ ಎದುರೇ ಅಂದರು. ಈಗಲೂ ಅವರ ಅಭಿಪ್ರಾಯ ಅದೇ. ಅವರು ಸಹಿಸಿಕೊಂಡದ್ದು ಸಣ್ಣ ವಿಷಯವಲ್ಲ, ನನಗೆ ಅವರ ಮೇಲೆ ಗೌರವವೇ ಇದೆ. ಆದರೆ ಅವರು ಸಹಿಸಿದರು ಎಂಬ ಕಾರಣಕ್ಕೆ ಮುಂದಿನವರೂ ಸಹಿಸಬೇಕು ಎನ್ನುವುದನ್ನು ನಾನು ಒಪ್ಪುವುದಿಲ್ಲ.

ಎಚ್‌ಆರ್ ಮೇಡಂ ಹೇಳಿದ ಹಾಗೆ ಬೇರೆಯವರೂ ಕೇಳಿದರು. ಬೆರಳಿನ ಗಂಟುಗಳಲ್ಲಿ ವಾತ, ರುಮಟಾಯ್ಡ್ ಆರ್ಥರೈಟಿಸ್, ಇರುವ ಒಬ್ಬ ಅಕ್ಕ ಇದ್ದರು. ಈ ಕಾಯಿಲೆ ಗಂಡಸರಿಗಿಂತ ಹೆಂಗಸರಿಗೆ ಎರಡು ಮೂರು ಪಟ್ಟು ಜಾಸ್ತಿ ಬರುತ್ತದೆ. ಬೆಳಗ್ಗೆ ಎದ್ದಾಗ ಬೆರಳು ಮಡಚಲು ಬರುವುದಿಲ್ಲ, ಬಿಸಿನೀರಿನಲ್ಲಿ ಕೈ ಅದ್ದಿ ಕೂತರೂ ಒಂದು ಗಂಟೆ ಬೇಕು. ಅವರು ಕೇಳಿದ್ದು ಹತ್ತೂವರೆಗೆ ಬಂದು ಸಂಜೆ ತಡವಾಗಿ ಹೋಗುವ ಅನುಕೂಲ, ಅಷ್ಟೇ. ಅದೇ ಮಾದರಿಯ ಪುಟದಲ್ಲಿ ಬೇಗ ಒಪ್ಪಿಗೆ ಸಿಕ್ಕಿತು. ಮೈಗ್ರೇನ್ ಇರುವ ಇನ್ನೊಬ್ಬಳಿಗೆ ಕಿಟಕಿಯಿಂದ ದೂರದ ಸೀಟು.

ಈ ಕಾಗದ ತಲುಪದವರೂ ನಮ್ಮ ಆಫೀಸಿನಲ್ಲೇ ಇದ್ದರು. ಅದನ್ನು ಹೇಳದಿದ್ದರೆ ಈ ಬರಹಕ್ಕೆ ಅರ್ಥವಿಲ್ಲ.

ನಮ್ಮ ಮಹಡಿಯನ್ನು ಗುಡಿಸಿ ಒರೆಸುವ ಅಕ್ಕ ಬಜ್ಪೆ ಕಡೆಯವರು. ಮೊದಲ ಬಸ್ಸಿಗೆ ಹೊರಟು ನಾವು ಬರುವ ಮೊದಲೇ ಕೆಲಸ ಶುರು ಮಾಡಿರುತ್ತಾರೆ. ಒಂದು ದಿನ ಸ್ಟೋರ್ ರೂಮಿನಲ್ಲಿ ಮಾಪ್ ಕೋಲುಗಳ ಹಿಂದೆ ಪ್ಲಾಸ್ಟಿಕ್ ತೊಟ್ಟೆಯೊಂದು ಕಾಣಿಸಿತು. ಒಳಗೆ ಮಡಚಿಟ್ಟ ಇನ್ನೊಂದು ಯೂನಿಫಾರಂ, ಹಳೆಯ ಬಟ್ಟೆಯ ತುಂಡುಗಳು. ನಾನು ಕೇಳಿದ್ದಕ್ಕೆ ಅವರು ಮೆಲ್ಲಗೆ ಹೇಳಿದರು. ರಕ್ತ ಹೋಗಲು ಶುರುವಾದರೆ ನಿಲ್ಲುವುದಿಲ್ಲ, ಕೆಲವು ತಿಂಗಳು ಹತ್ತು ದಿನವೂ ಹೋಗುತ್ತದೆ. ಬಟ್ಟೆ ಕಲೆಯಾದರೆ ಬದಲಿಸಲು ಬೇಕು. ಮೆಟ್ಟಿಲಲ್ಲಿ ನೀರಿನ ಬಕೆಟ್ಟು ಹೊತ್ತರೆ ಕಣ್ಣು ಕತ್ತಲೆ ಬರುತ್ತದೆ. ಡಾಕ್ಟರಿಗೆ ತೋರಿಸಿದಿರಾ ಅಂದೆ. "ತೋರಿಸ್ಲಿಕ್ಕೆ ಒಂದು ದಿನ ಹೋದ್ರೆ ಒಂದು ದಿನದ ಸಂಬಳ ಹೋಗ್ತದೆ ಅಕ್ಕಾ" ಅಂದರು. ನನಗಿಂತ ದೊಡ್ಡವರು ಅವರು, ಆದರೂ ಆಫೀಸಿನವರೆಂದು ನನ್ನನ್ನೇ ಅಕ್ಕ ಎನ್ನುತ್ತಾರೆ.

ಅವರ ಸಂಬಳದ ಚೀಟಿ ತರಲು ಹೇಳಿದೆ. ಅದರಲ್ಲಿ ಪ್ರತಿ ತಿಂಗಳೂ ಇಎಸ್‌ಐ ಕಡಿತವಾಗುತ್ತಿತ್ತು! ಕೆಲಸಗಾರರಿಗೆ ಇರುವ ಸರ್ಕಾರಿ ಆರೋಗ್ಯ ವಿಮೆ ಅದು. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರಿಗೆ ಇಎಸ್‌ಐ ಅನ್ವಯಿಸುತ್ತದೆ. ಕೆಲಸಗಾರರ ಸಂಬಳದಿಂದ ಶೇಕಡಾ 0.75, ಮಾಲೀಕರ ಕಡೆಯಿಂದ ಶೇಕಡಾ 3.25 ಕಟ್ಟಬೇಕು. ಹಣ ಹೋಗುತ್ತಿದೆ, ಆದರೆ ಆ ಅಕ್ಕನಿಗೆ ಕಾರ್ಡು ಎಂದರೇನು, ನಂಬರು ಎಲ್ಲಿದೆ, ಅದರಿಂದ ಏನು ಸಿಗುತ್ತದೆ ಎಂದು ಯಾರೂ ಹೇಳಿರಲಿಲ್ಲ. ಗುತ್ತಿಗೆದಾರರ ಆಫೀಸಿಗೆ ಫೋನು ಮಾಡಿದರೆ ನಾಳೆ, ನಾಡಿದ್ದು. ಕೊನೆಗೆ ನಮ್ಮ ಎಚ್‌ಆರ್ ಮೇಡಂ ಕಂಪನಿಯ ಇಮೇಲಿನಿಂದ ಕೇಳಿದ ಮೇಲೆ ವಿಮಾ ನಂಬರು ಬಂತು. ಆ ವಿಮೆಯ ಗುರುತಿನ ಚೀಟಿಯಾದ ಇ-ಪೆಹಚಾನ್ ಕಾರ್ಡನ್ನು ಪ್ರಿಂಟ್ ಹಾಕಿಸಿ, ಲ್ಯಾಮಿನೇಟ್ ಮಾಡಿಸಿ ಕೊಟ್ಟೆವು.

ಇಎಸ್‌ಐ ಡಿಸ್ಪೆನ್ಸರಿಗೆ ಮೊದಲ ಸಲ ನಾನೂ ಜೊತೆಗೆ ಹೋದೆ. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 7.4. ಹೆಂಗಸರಿಗೆ 12ಕ್ಕಿಂತ ಕೆಳಗಿದ್ದರೆ ರಕ್ತಹೀನತೆ, 8ಕ್ಕಿಂತ ಕೆಳಗೆ ತೀವ್ರ. ಆ ಮೈಯಲ್ಲಿ ಅವರು ದಿನಾ ಮಹಡಿ ಹತ್ತಿ ಇಳಿಯುತ್ತಿದ್ದರು, ನಮ್ಮ ಮೇಜು ಒರೆಸುತ್ತಿದ್ದರು. ಕದ್ರಿ ಶಿವಬಾಗ್‌ನ ಇಎಸ್‌ಐ ಆಸ್ಪತ್ರೆಗೆ ಬರೆದುಕೊಟ್ಟರು. ಸ್ಕ್ಯಾನಿಂಗಿನಲ್ಲಿ ಗರ್ಭಕೋಶದಲ್ಲಿ ಫೈಬ್ರಾಯ್ಡ್ ಗಡ್ಡೆಗಳು ಕಂಡವು. ಮೊದಲು ಡ್ರಿಪ್ಪಿನಲ್ಲಿ ಕಬ್ಬಿಣಾಂಶ ಕೊಟ್ಟು ಹಿಮೋಗ್ಲೋಬಿನ್ ಏರಿಸಿದರು, ಆಮೇಲೆ ಆಪರೇಷನ್.

ಸಂಬಳ ಹೋಗುತ್ತದೆ ಎಂಬ ಅವರ ಭಯಕ್ಕೆ ಇಎಸ್‌ಐನಲ್ಲೇ ಉತ್ತರ ಇತ್ತು. ಆರು ತಿಂಗಳ ಒಂದು ಅವಧಿಯಲ್ಲಿ ಕನಿಷ್ಠ 78 ದಿನದ ವಂತಿಗೆ ಕಟ್ಟಿದ್ದರೆ ಕಾಯಿಲೆಯ ದಿನಗಳಿಗೆ ಸಂಬಳದ ಶೇಕಡಾ 70ರಷ್ಟು ಹಣ ಸಿಗುತ್ತದೆ, ವರ್ಷಕ್ಕೆ 91 ದಿನದವರೆಗೆ. ಮೊದಲ ಎರಡು ದಿನಕ್ಕೆ ಸಾಮಾನ್ಯವಾಗಿ ಸಿಗುವುದಿಲ್ಲ. ಇಎಸ್‌ಐ ಡಾಕ್ಟರ ಸರ್ಟಿಫಿಕೇಟು ಇರಬೇಕು, ಮಧ್ಯದಲ್ಲಿ ಅದು ಮುರಿಯದಂತೆ ನೋಡಿಕೊಳ್ಳಬೇಕು, ಬ್ಯಾಂಕ್ ಖಾತೆ ಜೋಡಿಸಿರಬೇಕು. ಅಕ್ಕನ ಖಾತೆಯಲ್ಲಿ ಹೆಸರಿನ ಒಂದು ಅಕ್ಷರ ಆಧಾರಿಗಿಂತ ಬೇರೆ ಇತ್ತು, ಅದನ್ನು ಸರಿ ಮಾಡಿಸಲು ಓಡಾಡಬೇಕಾಯಿತು. ಹಣ ಬಂದ ದಿನ ಅವರು ಮೊಬೈಲಿನ ಮೆಸೇಜನ್ನು ನನಗೆ ತೋರಿಸಿ ಓದಿಸಿದರು. ಇದು ನಮ್ಮ ಹಣವೇ ಅಲ್ವಾ ಎಂದು ಎರಡೆರಡು ಸಲ ಕೇಳಿದರು. ನಿಮ್ಮದೇ, ತಿಂಗಳು ತಿಂಗಳು ನೀವೇ ಕಟ್ಟಿದ್ದು ಅಂದೆ.

ನಿಮ್ಮ ಆಫೀಸಿನಲ್ಲೂ ಹೀಗೆ ಗುತ್ತಿಗೆಯಲ್ಲಿ ಕೆಲಸ ಮಾಡುವ ಹೆಂಗಸರು ಇದ್ದೇ ಇರುತ್ತಾರೆ. ಒಮ್ಮೆ ಅವರ ಸಂಬಳದ ಚೀಟಿ ನೋಡಿ. ಓದಿ ಹೇಳಲು ಐದು ನಿಮಿಷ ಸಾಕು.

2025ರ ಅಕ್ಟೋಬರಿನಲ್ಲಿ ಕರ್ನಾಟಕ ಸಚಿವ ಸಂಪುಟ ಸಂಬಳ ಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಿತು. ತಿಂಗಳಿಗೆ ಒಂದು ದಿನ, ವರ್ಷಕ್ಕೆ 12. ನವೆಂಬರಿನಲ್ಲಿ ಆದೇಶ ಬಂತು. 18ರಿಂದ 52 ವರ್ಷದವರಿಗೆ, ಡಾಕ್ಟರ ಸರ್ಟಿಫಿಕೇಟು ಬೇಡ, ಆ ತಿಂಗಳ ರಜೆಯನ್ನು ಮುಂದಿನ ತಿಂಗಳಿಗೆ ಒಯ್ಯುವಂತಿಲ್ಲ. ಖಾಸಗಿ ಕಂಪನಿಗಳಿಗೂ ಉಂಟು. ಸರ್ಟಿಫಿಕೇಟು ಬೇಡ ಎನ್ನುವ ಮಾತು ಓದಿದಾಗ ನನಗೆ ನಿಜಕ್ಕೂ ಸಂತೋಷವಾಯಿತು. ಹೆಂಗಸಿನ ಮಾತನ್ನು ನಂಬಿ ಬರೆದ ನಿಯಮ ಅದು.

ನಮ್ಮಲ್ಲಿ ಅದು ಜಾರಿಗೆ ಬಂದಾಗ ಒಂದು ತೊಡಕಾಯಿತು. ರಜೆ ಹಾಕುವ ಸಾಫ್ಟ್‌ವೇರಿನಲ್ಲಿ ಮುಟ್ಟಿನ ರಜೆ ಎಂದು ಆರಿಸಿದರೆ ಇಡೀ ಟೀಮಿಗೆ ಆ ಹೆಸರಿನಲ್ಲೇ ಇಮೇಲ್ ಹೋಗುತ್ತಿತ್ತು. ಹೊಸದಾಗಿ ಸೇರಿದ ಹುಡುಗಿಯರು ಮುಟ್ಟಲೇ ಇಲ್ಲ ಆ ರಜೆಯನ್ನು. ನಾವು ಕೆಲವರು ಹೋಗಿ ಹೇಳಿದೆವು. ಈಗ ಟೀಮಿಗೆ ಬರೀ ರಜೆ ಎಂದು ಕಾಣುತ್ತದೆ, ಯಾವ ರಜೆ ಎಂದು ಎಚ್‌ಆರ್‌ಗೆ ಮಾತ್ರ ಗೊತ್ತು. ಅದಾದ ಮೇಲೆ ಹುಡುಗಿಯರು ರಜೆ ಹಾಕತೊಡಗಿದರು.

ಆದರೆ ಈ ರಜೆ ಬಂತಲ್ಲ, ಇನ್ನು ನಿನ್ನ ಕಾಗದ ಯಾಕೆ ಎಂದು ಕೆಲವರು ಕೇಳಿದರು. ಡೈನೋಜೆಸ್ಟ್ ತೆಗೆದುಕೊಳ್ಳುವ ನನ್ನಂಥ ಹಲವರಿಗೆ ಮುಟ್ಟೇ ನಿಂತಿರುತ್ತದೆ. ನೋವು, ಸುಸ್ತು ಪೂರ್ತಿ ನಿಲ್ಲುವುದಿಲ್ಲ. ವಾತದ ಅಕ್ಕನ ಬೆರಳಿಗೂ ಕ್ಯಾಲೆಂಡರಿಗೂ ಸಂಬಂಧವಿಲ್ಲ. ಗರ್ಭಕೋಶ ತೆಗೆಸಿಕೊಂಡವರು, 52 ದಾಟಿದವರು ಏನು ಮಾಡಬೇಕು? ಆ ಒಂದು ದಿನ ಬೇಕು, ಅದನ್ನು ಯಾರೂ ಕಿತ್ತುಕೊಳ್ಳಬಾರದು. ದೀರ್ಘಕಾಲದ ಕಾಯಿಲೆಗೆ ಬೇಕಾದದ್ದು ಉಳಿದ ದಿನಗಳ ಏರ್ಪಾಡು. ಎರಡನ್ನೂ ಬೇರೆ ಬೇರೆಯಾಗಿಯೇ ಕೇಳಬೇಕು ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ಸರ್ಕಾರದ ಆದೇಶ ಕಾಯಂ ನೌಕರರ ಜೊತೆಗೆ ಗುತ್ತಿಗೆ ಮತ್ತು ಹೊರಗುತ್ತಿಗೆಯ ಹೆಂಗಸರನ್ನೂ ಸೇರಿಸಿದೆ. ಆದರೆ ನಮ್ಮ ಮಹಡಿಯ ಅಕ್ಕಂದಿರಿಗೆ ಆ ರಜೆ ಇನ್ನೂ ಸಿಕ್ಕಿಲ್ಲ. ಒಬ್ಬರು ಬಾರದಿದ್ದರೆ ಬದಲಿ ಜನ ಕಳಿಸಬೇಕು, ಅದರ ದುಡ್ಡು ಯಾರು ಕೊಡುವುದು ಎಂದು ಗುತ್ತಿಗೆದಾರರು ಕೇಳುತ್ತಿದ್ದಾರೆ. ಕಂಪನಿಯೇ ಕೊಡಬೇಕು ಎಂದು ನಾವು ಬರೆದುಕೊಟ್ಟಿದ್ದೇವೆ. ಎಚ್‌ಆರ್ ಮೇಡಂ ಈಗ ನಮ್ಮ ಕಡೆಗಿದ್ದಾರೆ. ಏಪ್ರಿಲಿನಲ್ಲಿ ಗುತ್ತಿಗೆ ನವೀಕರಣ ಆಗಲಿಕ್ಕಿದೆ. ತಿಂಗಳ ರಜೆ, ಬದಲಿಯವರ ಕೂಲಿ, ಸಂಬಳದ ಚೀಟಿಯಲ್ಲಿ ಇಎಸ್‌ಐ ನಂಬರು, ಸ್ಟೋರ್ ರೂಮಿನ ಬದಲು ಬಟ್ಟೆ ಬದಲಿಸಲು ಬಾಗಿಲಿರುವ ಒಂದು ಕೋಣೆ, ಈ ನಾಲ್ಕನ್ನೂ ಕರಾರಿನೊಳಗೇ ಸೇರಿಸಬೇಕು ಎಂದು ಕರಡು ಮಾಡಿ ಕಳಿಸಿದ್ದೇವೆ. ಕೋಣೆಗೆ ಒಪ್ಪಿಗೆ ಸಿಕ್ಕಿದೆ. ಉಳಿದ ಮೂರರ ಬಗ್ಗೆ ಮುಂದಿನ ವಾರ ಮೀಟಿಂಗ್ ಇದೆ. ಆ ಮೀಟಿಂಗಿಗೆ ಅಕ್ಕನೂ ಬರುತ್ತಾರೆ. ತನ್ನ ಮಾತನ್ನು ತಾನೇ ಹೇಳುತ್ತೇನೆ ಅಂದಿದ್ದಾರೆ.